ಕತ್ತಲೆಯ ಹಬ್ಬಕ್ಕೆ ದಾರಿಯ ದೀಪ ಆರಿಸಬಾರದು

ಕಳೆದ ವಾರದ ಎಸ್‌.ಆರ್‌.ಜಿ. (ಶಾಲೆಯ ಅಧ್ಯಾಪಕರ) ಸಭೆಯಲ್ಲಿ ಈ ವರ್ಷದ ಸಹವಾಸ ಶಿಬಿರದ ಮಾತು ಬಂದಾಗ, ಶಾಲೆಗೆ ಹೊಸದಾಗಿ ಸೇರಿದ ಟೀಚರೊಬ್ಬರು, ನಕ್ಷತ್ರ ವೀಕ್ಷಣೆಯ ರಾತ್ರಿ ಗುಡ್ಡದ ದಾರಿಯ ದೀಪಗಳನ್ನು ಒಂದು ಗಂಟೆ ಆರಿಸಲು ವಿದ್ಯುತ್ ಕಚೇರಿಗೆ ಪತ್ರ ಕೊಡೋಣವೇ ಎಂದು ಕೇಳಿದರು. ನಾನು ಬೇಡವೆಂದೆ. ಕಾರಣವನ್ನು ವಿವರಿಸಲು ಸಮಯವಿರಲಿಲ್ಲ. ಮಧ್ಯಾಹ್ನದೂಟದ ಲೆಕ್ಕವೂ ವಿದ್ಯಾರ್ಥಿವೇತನ ಪರೀಕ್ಷೆಯ ತರಬೇತಿಯ ಪಟ್ಟಿಯೂ ಬಾಕಿಯಿದ್ದವು. ರಾತ್ರಿಯ ಆಕಾಶ, ರಾತ್ರಿಯ ಜೀವಿಗಳು ಎಂದು ಊರವರನ್ನು ಸೇರಿಸಿ ಕಾರ್ಯಕ್ರಮ ಮಾಡುವ ಬೇರೆ ಶಾಲೆಗಳಿಗೂ ವಾಚನಾಲಯಗಳಿಗೂ ಉಪಯೋಗವಾದೀತೆಂದು ಆ ಕಾರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡಿನ ಪೂರ್ವ ಭಾಗದ ಒಂದು ಕನ್ನಡ ಮಾಧ್ಯಮ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆ. ಹಿಂದಿನ ಗುಡ್ಡ ಹತ್ತಿದರೆ ಮುರಕಲ್ಲಿನ (ಕೆಂಪುಕಲ್ಲಿನ) ವಿಶಾಲವಾದ ಪದವು, ಅಂದರೆ ಬಯಲು, ಸಿಗುತ್ತದೆ. ಗುಡ್ಡದ ಬುಡದಲ್ಲಿ, ಹಿಂದಿನವರು ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗವೊಂದಿದೆ. ಅದರೊಳಗೆ ಹುಳು ಹಿಡಿದು ತಿನ್ನುವ ಪುಟ್ಟ ಬಾವಲಿಗಳು ನೆಲೆಸಿವೆ. ಹಿಂದಿನ ಶಿಬಿರವೊಂದರಲ್ಲಿ, ಮೊದಲು ಸಂಜೆ ಬಾವಲಿಗಳು ಹೊರಬರುವುದನ್ನು ನೋಡಿ, ಆಮೇಲೆ ಪದವಿಗೆ ಏರಿ ಆಕಾಶ ನೋಡುವುದೆಂದು ಕಾರ್ಯಕ್ರಮವನ್ನು ರೂಪಿಸಿದ್ದೆವು. ನಮ್ಮ ಮಕ್ಕಳ ಅಜ್ಜಂದಿರು ಇಂದಿಗೂ ಆರ್ದ್ರಾ ಮಳೆ, ಪುನರ್ವಸು ಮಳೆ, ಪುಷ್ಯ ಮಳೆ ಎಂದೇ ಕೃಷಿಯ ಲೆಕ್ಕ ಹಾಕುತ್ತಾರೆ. ಆದರೆ ಆ ಆರ್ದ್ರೆ ಎಂಬುದು ಜನವರಿಯ ಸಂಜೆ ಮೂಡಣದಲ್ಲಿ ಮಹಾವ್ಯಾಧನ (ಒರಾಯನ್ ನಕ್ಷತ್ರಪುಂಜದ) ಹೆಗಲ ಮೇಲೆ ಕೆಂಪಗೆ ಕಾಣುವ ನಕ್ಷತ್ರ ಎಂದು ತೋರಿಸಿದರೆ ಅಜ್ಜನೂ ಮೊಮ್ಮಗಳೂ ಒಟ್ಟಿಗೆ ಬೆರಗಾಗುತ್ತಾರೆ. ಪಾಠಪುಸ್ತಕದಿಂದ ಅಂತಹ ಬೆರಗನ್ನು ಹುಟ್ಟಿಸುವುದು ನನಗೆ ಎಂದೂ ಸಾಧ್ಯವಾಗಿಲ್ಲ.

ಎ.ಇ.ಒ. (ಉಪಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿಗಿಂತ ಕಷ್ಟವಾದದ್ದು ಬಾವಲಿಯ ವಿಷಯ. 2018ರಲ್ಲಿ ಕೋಯಿಕ್ಕೋಡು ಭಾಗದಲ್ಲಿ ನಿಪಾ ವೈರಸ್ ರೋಗ ಬಂದು ಜನ ಸತ್ತ ಮೇಲೆ, ಕೇರಳದಲ್ಲಿ ಬಾವಲಿ ಎಂದರೆ ತಾಯಂದಿರ ಎದೆ ನಡುಗುತ್ತದೆ, ಮತ್ತು ಆ ಭಯ ನ್ಯಾಯವಾದದ್ದೇ. ಇಲ್ಲಿ ಬಾವಲಿ ಚೀಪಿ ಉದುರಿಸಿದ ಅಡಿಕೆಯನ್ನು ಹೆಕ್ಕುವ ತೋಟದ ಮನೆಗಳೇ ಹೆಚ್ಚು. ಪಿ.ಟಿ.ಎ. ಸಭೆಯಲ್ಲಿ ನಾವು ವಿಷಯವನ್ನು ಮುಚ್ಚಿಡದೆ ಮಾತನಾಡಿದೆವು. ನಿಪಾದ ಮೂಲವೆಂದು ಗುರುತಿಸಿರುವುದು ಹಣ್ಣು ತಿನ್ನುವ ದೊಡ್ಡ ಬಾವಲಿಯನ್ನು ಎಂದು ಹೇಳಿದೆವು. ಹಾಗೆಂದು ಸುರಂಗದ ಬಾವಲಿಯನ್ನೂ ಯಾರೂ ಮುಟ್ಟುವಂತಿಲ್ಲ, ಒಳಗೆ ಹೋಗುವಂತಿಲ್ಲ, ಕಚ್ಚಿದ ಪೇರಳೆ, ಗೇರುಹಣ್ಣು ತಿನ್ನುವಂತಿಲ್ಲ, ನೋಡುವುದೆಲ್ಲ ದೂರದ ಗದ್ದೆಯ ಬದುವಿನಿಂದ ಎಂದು ಬರೆದು ಸಹಿ ಹಾಕಿಸಿಕೊಂಡೆವು. ಹಣ್ಣು ತಿನ್ನುವ ಬಾವಲಿಗಳನ್ನು 1972ರ ವನ್ಯಜೀವಿ ಕಾಯಿದೆ ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಯಲ್ಲಿಟ್ಟಿತ್ತೆಂದೂ 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರೆಂದೂ ಹೇಳಿದಾಗ, ಹಿರಿಯ ಕೃಷಿಕರೊಬ್ಬರು, ಕಾಡಿನ ಮರಗಳ ಬೀಜವನ್ನು ದೂರ ದೂರಕ್ಕೆ ಹೊತ್ತು ಹಾಕುವುದು ಅವುಗಳೇ ಅಲ್ಲವೇ ಎಂದು ನಮ್ಮ ಪರವಾಗಿ ನಿಂತರು.

ಉಳಿದದ್ದು ದೀಪ. ಸುರಂಗದ ಹತ್ತಿರ, ದಾರಿ ಪದವಿಗೆ ಏರುವ ತಿರುವಿನಲ್ಲಿ, ಬೆಳ್ಳಗೆ ಕಣ್ಣು ಕೋರೈಸುವ ಎಲ್‌ಇಡಿ ಬೀದಿದೀಪವೊಂದಿತ್ತು. ಕಂಬದ ಮೇಲೆ ಅದನ್ನು ಓರೆಯಾಗಿ ಮೇಲ್ಮುಖವಾಗಿ ಕೂಡಿಸಿದ್ದರಿಂದ, ಬೆಳಕಿನ ಬಹುಪಾಲು ಸುರಂಗದ ಬಾಯಿಗೂ ಎದುರಿನ ಗೇರು ಮರಗಳ ತಲೆಗೂ ಆಕಾಶಕ್ಕೂ ಹೋಗುತ್ತಿತ್ತೇ ಹೊರತು ದಾರಿಗೆ ಬೀಳುತ್ತಿದ್ದುದು ಸ್ವಲ್ಪವೇ. ಬಿಳಿ ಎಲ್‌ಇಡಿಯಲ್ಲಿ ನೀಲಿಯ ಅಂಶ ಹೆಚ್ಚು, ಮತ್ತು ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದರುತ್ತದೆ. ಆದ್ದರಿಂದ ಒಂದೇ ಒಂದು ಕೆಟ್ಟ ದೀಪವೂ ಇಡೀ ಪದವಿನ ಆಕಾಶಕ್ಕೆ ಹಾಲು ಕಲಸಿದಂತೆ ಮಾಡಬಲ್ಲದು. ಏಳನೇ ತರಗತಿಯ ಮಕ್ಕಳು ಅದರ ಕೆಳಗೆ ನಿಂತು ನೋಡಿ, ಕಂಬದ ಬುಡದಲ್ಲಿ ಕಾದು ಕುಳಿತ ಕಪ್ಪೆಗಳನ್ನೂ ಕಂಬಕ್ಕೆ ಅಂಟಿಕೊಂಡ ಹಲ್ಲಿಯನ್ನೂ ಸುತ್ತು ಹೊಡೆದು ಹೊಡೆದು ಬೀಳುವ ಪತಂಗಗಳನ್ನೂ ಬರೆದುಕೊಂಡಿದ್ದರು. ಹುಳುಗಳು ದೀಪಕ್ಕೆ ಆಸೆಪಟ್ಟು ಬರುತ್ತವೆಂದು ನಾನೂ ಬಹಳ ಕಾಲ ಹೇಳಿಕೊಡುತ್ತಿದ್ದೆ. ಹಾರುವ ಹುಳು ಬೆಳಕಿನ ಕಡೆಗೆ ಬೆನ್ನು ತಿರುಗಿಸಿ ಹಾರುತ್ತದೆ, ಬೆಳಕು ಆಕಾಶದಿಂದ ಬರುವಾಗ ಅದರಿಂದ ಮೈ ಸಮವಾಗಿರುತ್ತದೆ, ಬೆಳಕು ಪಕ್ಕದ ಕಂಬದಿಂದ ಬಂದರೆ ಅದೇ ಅಭ್ಯಾಸ ಅದನ್ನು ಸುತ್ತಿನಲ್ಲಿ ಸಿಕ್ಕಿಸುತ್ತದೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ವೇಗದ ಕ್ಯಾಮರಾಗಳಿಂದ ತೋರಿಸಿತು. ಈಗ ಪಾಠದಲ್ಲಿ ಇದನ್ನೇ ಹೇಳುತ್ತೇನೆ.

ಇಷ್ಟೆಲ್ಲ ತಿಳಿದಿದ್ದರಿಂದ ದೀಪ ಆರಿಸುವುದೇ ದಾರಿ ಎಂದು ನಮಗೆಲ್ಲ ತೋರಿತು. 2007ರಲ್ಲಿ ಸಿಡ್ನಿಯಲ್ಲಿ ಶುರುವಾಗಿ, ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ನಮ್ಮ ಶಾಲೆಗಳಿಗೂ ಸುತ್ತೋಲೆಯಾಗಿ ಬರುವ, ಒಂದು ಗಂಟೆ ದೀಪ ಆರಿಸುವ ಅರ್ಥ್ ಅವರ್ ನಮ್ಮ ತಲೆಯಲ್ಲಿತ್ತು. ಪತ್ರ ಕೊಟ್ಟೆವು, ಒಪ್ಪಿಗೆ ಸಿಕ್ಕಿತು. ಆ ಸಂಜೆ ಲೈನ್‌ಮ್ಯಾನ್ ಬಂದು ಫ್ಯೂಸ್ ತೆಗೆದು, ಒಂಬತ್ತು ಗಂಟೆಗೆ ಮರಳಿ ಬರುತ್ತೇನೆಂದು ಹೇಳಿ ಮತ್ತೊಂದು ದೂರಿನ ಮೇಲೆ ಹೋದರು.

ಕತ್ತಲೆ ಅದ್ಭುತವಾಗಿತ್ತೆಂಬುದನ್ನು ನಾನು ಮರೆಮಾಚುವುದಿಲ್ಲ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಟಾರ್ಚುಗಳಿಗೆಲ್ಲ ಕೆಂಪು ಗ್ಲಾಸ್ ಪೇಪರ್ ಸುತ್ತಿಸಿದ್ದೆವು. ಕೃತ್ತಿಕೆಯ ಗೊಂಚಲಿನಲ್ಲಿ ಮಕ್ಕಳು ನಕ್ಷತ್ರಗಳನ್ನು ಬಿಡಿಬಿಡಿಯಾಗಿ ಎಣಿಸತೊಡಗಿದ್ದರು, ಮಹಾವ್ಯಾಧನ ಸೊಂಟಪಟ್ಟಿಯ ಕೆಳಗಿನ ಮಸುಕು ಮಚ್ಚೆ ಬರಿಗಣ್ಣಿಗೇ ಕಾಣುತ್ತಿತ್ತು. ಆಗ ಆರನೇ ತರಗತಿಯ ಹುಡುಗಿಯೊಬ್ಬಳು ನನ್ನ ಅಂಗಿ ಹಿಡಿದು, "ಮಾಷ್ಟ್ರೇ, ಅಮ್ಮ ಇನ್ನೂ ಬರ್ಲಿಲ್ಲ" ಎಂದಳು.

ಅವಳ ತಾಯಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು. ಬಸ್ಸಿಳಿದು ಅದೇ ತಿರುವಿನ ದಾರಿಯಲ್ಲಿ ಮನೆಗೆ ಬರುತ್ತಾರೆ, ಆ ದಿನ ನೇರ ಪದವಿಗೇ ಬರುತ್ತೇನೆಂದು ಮಗಳಿಗೆ ಹೇಳಿದ್ದರು. ಬಸ್ಸು ಹೋದ ಸದ್ದು ನಮಗೆಲ್ಲ ಕೇಳಿಸಿ ಬಹಳ ಹೊತ್ತಾಗಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ಆ ತಿರುವಿನಿಂದ ಕೆಲವೇ ಹೆಜ್ಜೆ ಆಚೆಗೆ, ಕಲ್ಲು ತೆಗೆದು ಹಾಗೆಯೇ ಬಿಟ್ಟುಹೋದ ಕೆಂಪುಕಲ್ಲಿನ ಕೋರೆಯಿದೆ, ಅದಕ್ಕೆ ಬೇಲಿಯಿಲ್ಲ. ಈ ಎರಡು ವಿಷಯಗಳು ಮನಸ್ಸಿನಲ್ಲಿ ಒಟ್ಟು ಸೇರಿದಾಗ ನನ್ನ ಬಾಯಿ ಒಣಗಿತು. ಲೈನ್‌ಮ್ಯಾನಿನ ಫೋನ್ ಎಂಗೇಜ್ ಬರುತ್ತಿತ್ತು. ಕಚೇರಿಗೆ ಮಾಡಿದರೆ, ಫ್ಯೂಸ್ ಹಾಕಲು ಅವರೇ ಬರಬೇಕು ಎಂಬ ಉತ್ತರ ಬಂತು. ಮಕ್ಕಳಿಗೆ ಗಾಬರಿಯಾಗದಂತೆ ಹೆಡ್‌ಮಾಷ್ಟ್ರು ಅಗಸ್ತ್ಯ ನಕ್ಷತ್ರ ಯಾವಾಗ ಮೇಲೆ ಬರುತ್ತದೆಂದು ಜೋರಾಗಿ ವಿವರಿಸುತ್ತಲೇ ಇದ್ದರು, ಅವರ ದನಿ ನಡುಗುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಪಿ.ಟಿ.ಎ.ಯ ಇಬ್ಬರು ಗ್ಲಾಸ್ ಪೇಪರ್ ಕಿತ್ತೆಸೆದು ಟಾರ್ಚ್ ಹಿಡಿದು ಇಳಿದರು, ನಾನೂ ಹಿಂದಿನಿಂದ ಓಡಿದೆ. ಹೆಸರು ಹಿಡಿದು ಕೂಗಿದರೂ ಮೊದಲು ಉತ್ತರ ಬರಲಿಲ್ಲ.

ಅವರು ಸಿಕ್ಕಿದ್ದು ಕೋರೆಯ ಅಂಚಿನ ಗೇರು ಮರದ ಬಳಿ. ಒಂದು ಕೈಯಲ್ಲಿ ಮರವನ್ನು ತಬ್ಬಿ, ಮತ್ತೊಂದು ಕೈಯಲ್ಲಿ ಊಟದ ಬುತ್ತಿಯ ಚೀಲವನ್ನು ಎದೆಗೊತ್ತಿ ನಿಂತಿದ್ದರು. ದಾರಿ ತಪ್ಪಿದೆಯೆಂದು ಗೊತ್ತಾಗಿತ್ತು, ಗುಂಡಿ ಹತ್ತಿರವಿದೆಯೆಂದು ಗೊತ್ತಿತ್ತು, ಯಾವ ಕಡೆಗೆ ಎಂಬುದು ಗೊತ್ತಿರಲಿಲ್ಲ. ಕತ್ತಲಲ್ಲಿ ಗಂಡಸರ ದನಿ ಕೇಳಿದ್ದರಿಂದ, ಯಾರೆಂದು ತಿಳಿಯುವ ತನಕ ಓಗೊಡಲಿಲ್ಲ ಎಂದು ಆಮೇಲೆ ಹೇಳಿದರು. ಮಗಳನ್ನು ಅಪ್ಪಿಕೊಂಡು, ನೀರು ಕುಡಿದು, ಸ್ವಲ್ಪ ಹೊತ್ತಿನ ನಂತರ ಅವರು ನನ್ನ ಕಡೆ ತಿರುಗಿ, "ಮಾಷ್ಟ್ರೇ, ಮಕ್ಕಳಿಗೆ ನಕ್ಷತ್ರ ತೋರಿಸುದು ಬೇಡ ಹೇಳಿ ನಾನು ಹೇಳುದಿಲ್ಲ. ಆದರೆ ನಾನು ನಡೆಯುವ ದಾರಿಯನ್ನು ಕತ್ತಲೆ ಮಾಡುವಾಗ ನನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತಲ್ಲ? ಆ ದೀಪ ಹಾಕ್ಸಲಿಕ್ಕೆ ನಾವು ಹೆಂಗಸರು ಗ್ರಾಮಸಭೆಯಲ್ಲಿ ಎಷ್ಟು ಸಲ ಎದ್ದು ನಿಂತದ್ದು ಹೇಳಿ ನಿಮಗೆ ಗೊತ್ತುಂಟಾ?" ಎಂದು ಕೇಳಿದರು. ನಮ್ಮ ಕಡತದಲ್ಲಿ ಎ.ಇ.ಒ., ವಿದ್ಯುತ್ ಕಚೇರಿ, ವಾರ್ಡ್ ಸದಸ್ಯರು ಮತ್ತು ಎಲ್ಲ ಹೆತ್ತವರ ಸಹಿಯಿತ್ತು. ರಾತ್ರಿ ಆ ದಾರಿಯಲ್ಲಿ ನಡೆಯುವವರು ಯಾರೆಂಬ ಪಟ್ಟಿಯೊಂದು ಇರಲಿಲ್ಲ.

ಆಮೇಲಿನ ಗ್ರಾಮಸಭೆಗೆ ನಾವು ಅವರನ್ನೇ ಮುಂದಿಟ್ಟುಕೊಂಡು ಹೋದೆವು. ದೀಪ ಬೇಕು, ಆದರೆ ಅದು ದಾರಿಗೆ ಬೀಳಬೇಕು ಎಂಬ ಅವರ ಒಂದೇ ಮಾತು, ಡಾರ್ಕ್‌ಸ್ಕೈ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಹೊರಾಂಗಣ ದೀಪಗಳಿಗೆ ಹೇಳುವ ತತ್ವಗಳೊಂದಿಗೆ ಸರಿಯಾಗಿ ಹೊಂದುತ್ತದೆ: ಅಗತ್ಯವಿದ್ದಲ್ಲಿ ಮಾತ್ರ ಬೆಳಕು, ಬೇಕಾದ ಜಾಗಕ್ಕೇ ಬೆಳಕು, ಬೇಕಾದಷ್ಟೇ ಪ್ರಮಾಣ, ಬೇಕಾದ ಹೊತ್ತಿಗೆ ಮಾತ್ರ, ಮತ್ತು ಬಿಳಿಯ ಬದಲು ಹಳದಿ ಛಾಯೆ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿದೆ. 2022ರಲ್ಲಿ ಅದರ ಸುತ್ತಲಿನ ಪ್ರದೇಶವನ್ನು ಕತ್ತಲಾಕಾಶದ ಮೀಸಲು ಪ್ರದೇಶವೆಂದು ಘೋಷಿಸಿದಾಗ ಹಳ್ಳಿಗಳನ್ನು ಕತ್ತಲಲ್ಲಿ ಕೂಡಿಸಲಿಲ್ಲ. ದೀಪಗಳಿಗೆ ಮರೆ, ಕಿಟಕಿಗಳಿಗೆ ಪರದೆ ಎಂಬ ದಾರಿ ಹಿಡಿದರು, ಊರಿನ 24 ಮಂದಿಗೆ ತರಬೇತಿ ಮತ್ತು ದೂರದರ್ಶಕ ಕೊಟ್ಟು ಪ್ರವಾಸಿಗರಿಗೆ ಆಕಾಶ ತೋರಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದರು. ಆಕಾಶ ಉಳಿದರೆ ತಮಗೇನು ಸಿಗುತ್ತದೆಂದು ಅಲ್ಲಿನವರಿಗೆ ಗೊತ್ತಿದೆ.

ನಮ್ಮಲ್ಲಿ ಆದದ್ದು ಬಹಳ ಸಣ್ಣದು, ಅದಕ್ಕೂ ತಿಂಗಳುಗಳು ಹಿಡಿದವು. ದೀಪದ ನಿರ್ವಹಣೆ ಗುತ್ತಿಗೆದಾರರದ್ದು, ಕಂಬ ಮತ್ತೊಬ್ಬರದ್ದು, ದೀಪಕ್ಕೆ ಏನನ್ನಾದರೂ ಜೋಡಿಸಿದರೆ ವಾರಂಟಿ ಹೋಗುತ್ತದೆಂಬ ಉತ್ತರ ಒಂದು ಮೇಜಿನಿಂದ, ಹಳದಿ ದೀಪ ದರಪಟ್ಟಿಯಲ್ಲಿಲ್ಲವೆಂಬ ಉತ್ತರ ಇನ್ನೊಂದು ಮೇಜಿನಿಂದ. ಕೊನೆಗೆ ದೀಪದ ಕೋನವನ್ನು ಸರಿಪಡಿಸಲು ಯಾರ ಅನುಮತಿಯೂ ಬೇಡವೆಂದು ಲೈನ್‌ಮ್ಯಾನೇ ತಿಳಿಸಿ, ಬ್ರಾಕೆಟ್ಟಿನ ಬೋಲ್ಟು ಸಡಿಲಿಸಿ ದೀಪವನ್ನು ನೆಲಕ್ಕೆ ಸಮವಾಗಿ ತಿರುಗಿಸಿದರು. ಬೆಳಕು ದಾರಿಯ ಅಗಲಕ್ಕೆ ಬಿತ್ತು. ಕೋರೆಯ ಅಂಚು ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತದೆ, ಗೇರು ಮರಗಳ ತಲೆ ಕತ್ತಲಾಗಿದೆ, ಸುರಂಗದ ಬಾಯಿ ನೆರಳಿನಲ್ಲಿದೆ. ಮಕ್ಕಳು ಗದ್ದೆಯ ಬದುವಿನಲ್ಲಿ ಕುಳಿತು ಬರೆಯುವ ಪುಸ್ತಕದ ಪ್ರಕಾರ, ಬಾವಲಿಗಳು ಈಗ ಹಿಂದಿಗಿಂತ ಬೇಗ ಹೊರಬರುತ್ತವೆ. ಬೆಳಕಿಗೆ ಹೆದರಿ ಹೊರಡುವುದು ತಡವಾದರೆ, ಮುಸ್ಸಂಜೆಯಲ್ಲಿ ಹೆಚ್ಚಾಗಿ ಹಾರುವ ಹುಳುಗಳು ಅವುಗಳಿಗೆ ತಪ್ಪಿಹೋಗುತ್ತವೆ. ಮರಿಯಿರುವ ತಾಯಿ ಬಾವಲಿಗೆ ಇದು ಸಣ್ಣ ನಷ್ಟವಲ್ಲ. ಪತಂಗಗಳು ಇನ್ನೂ ಸುತ್ತುತ್ತಿವೆ, ದೀಪದ ಬಣ್ಣ ಬದಲಾಗುವ ತನಕ ಸುತ್ತುತ್ತವೆ.

ಆಕಾಶ ಆ ರಾತ್ರಿಯಷ್ಟು ಕಪ್ಪಾಗಿ ಕಾಣುವುದಿಲ್ಲವೆಂದು ಹೊಸ ಟೀಚರಿಗೆ ಬೇಸರವಾಗಬಹುದು. ಪದವಿನ ಆಚೆ ಬದಿಗೆ, ದಾರಿ ಕಾಣದ ಇಳಿಜಾರಿಗೆ ನಡೆದರೆ ಕೃತ್ತಿಕೆಯನ್ನೂ ಆರ್ದ್ರೆಯನ್ನೂ ಇಂದಿಗೂ ಚೆನ್ನಾಗಿ ತೋರಿಸಬಹುದು, ಪಡುವಣದಲ್ಲಿ ಪೇಟೆ ಮತ್ತು ಹೆದ್ದಾರಿಯ ಬೆಳಕು ಮಾತ್ರ ನಮ್ಮ ಕೈಯಲ್ಲಿಲ್ಲ. ಒಂದು ರಾತ್ರಿ ಒಂದು ಗಂಟೆಯ ಕತ್ತಲೆಯಿಂದ ಸುರಂಗದ ಬಾವಲಿಗೆ ಉಳಿದ ದಿನಗಳಲ್ಲಿ ಏನೂ ಸಿಗುವುದಿಲ್ಲ, ತಿರುಗಿಸಿದ ಒಂದು ಬೋಲ್ಟಿನಿಂದ ಪ್ರತಿ ಸಂಜೆ ಸಿಗುತ್ತದೆ. ಈ ವರ್ಷದ ಪತ್ರದಲ್ಲಿ ದಾರಿಯ ಉಳಿದ ಕಂಬಗಳ ದೀಪಗಳನ್ನೂ ಹಾಗೆಯೇ ಸಮ ಮಾಡಿಸಲು, ಕೋರೆಗೆ ಬೇಲಿ ಹಾಕಿಸಲು ಮತ್ತು ಮುಂದಿನ ದರಪಟ್ಟಿಯಲ್ಲಿ ಹಳದಿ ದೀಪವನ್ನು ಸೇರಿಸಲು ಕೇಳಿದ್ದೇವೆ. ಕರಡು ಹೆಡ್‌ಮಾಷ್ಟ್ರ ಮೇಜಿನ ಮೇಲಿದೆ. ಅದನ್ನು ಕಳುಹಿಸುವ ಮೊದಲು ಎಂ.ಪಿ.ಟಿ.ಎ. (ತಾಯಂದಿರ ಸಂಘದ) ಸಭೆಯಲ್ಲಿ, ರಾತ್ರಿ ಕೆಲಸ ಮುಗಿಸಿ ಬರುವ ತಾಯಂದಿರಿಗೆ ಅನುಕೂಲವಾಗುವಂತೆ ಭಾನುವಾರವೇ ಸಭೆ ಕರೆದು, ಓದಿ ಹೇಳಬೇಕೆಂದು ಕೇಳಿಕೊಂಡಿದ್ದೇನೆ.