ಜಡೆ ಇರೋ ಬೇರು

ಇವತ್ತು ಡಬ್ಬಿ ಮುಚ್ಚಳ ತೆಗೆದದ್ದೇ ತಡ, ಕೋಣೆಯೆಲ್ಲ ಜಟಾಮಾಂಸಿ. ಒದ್ದೆ ಮಣ್ಣು, ಹಳೇ ಮರ, ಜೊತೆಗೆ ಒಂಚೂರು ಬೆವರು. ಎಲ್ಲರಿಗೂ ಹಿಡಿಸೋ ವಾಸನೆಯಲ್ಲ, ಬಿಡಿ.

ಹಿಮಾಲಯದಲ್ಲಿ 3000 ಮೀಟರ್ ದಾಟಿದ ಮೇಲೆ ಸಿಗೋ ಗಿಡ. ಹೂವು ಪುಟ್ಟದು, ನಸುಗೆಂಪು. ಆದರೆ ಬೇಡಿಕೆಯೆಲ್ಲ ನೆಲದೊಳಗಿನ ಗಂಟುಬೇರಿಗೆ. ಅದರ ಮೈತುಂಬ ಕೂದಲಿನಂಥ ಕೆಂಚು ನಾರು. ಹಳೇ ಎಲೆಗಳ ಬುಡ ಒಣಗಿ ಉಳಿದದ್ದು ಅದು. 'ಜಟೆ' ಅಂದದ್ದು ಅದಕ್ಕೇ.

ಕೊಳ್ಳುವಾಗ ಆ ನಾರನ್ನೇ ನೋಡಿ. ಬೋಳಾಗಿ, ಗಂಟುಗಂಟಾಗಿದ್ದರೆ ಅದು ಬಹುಶಃ ತಗರ, ಅಂದರೆ ಇದರ ಹೆಸರಲ್ಲಿ ಸೇರಿಕೊಳ್ಳೋ ಬೇರೊಂದು ಗಿಡದ ಬೇರು. ಪುಡಿ ಕೊಂಡರೆ ಈ ಗುರುತೂ ಸಿಗಲ್ಲ.

ಆಮೇಲೆ ಕಷಾಯದ ಹಾಗೆ ಗಳಗಳ ಕುದಿಸೋದು. ಅಲ್ಲೇ ಕೆಡೋದು! ಸುವಾಸನೆಯ ಎಣ್ಣೆ ಹಬೆ ಜೊತೆ ಹಾರಿಹೋಗುತ್ತೆ. ನೀರು ಕುದಿಸಿ, ಒಲೆ ಆರಿಸಿ, ಲೋಟಕ್ಕೆ 2-3 ಗ್ರಾಂ ತರಿಪುಡಿ ಹಾಕಿ ಮುಚ್ಚಿಡಿ. 15 ನಿಮಿಷ. ಸೋಸಿ. ನಿದ್ದೆಗೆಂದೇ ಹೆಸರಾದದ್ದು, ರಾತ್ರಿಗೇ ಸರಿ. ನಿದ್ದೆ ಮಾತ್ರೆ ನುಂಗುವವರು, ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಬೇರು ಕಿತ್ತರೆ ಗಿಡವೇ ಹೋಯ್ತು. 1997ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ (ಅಪಾಯದಲ್ಲಿರೋ ಗಿಡ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸೋ ದೇಶಗಳ ಒಪ್ಪಂದ) ಕಡಿವಾಣ ಇದೆ. ಬೀಜ ಉದುರಿದ ಮೇಲೆ ಅಗೆದರೆ ಅಲ್ಲೊಂದು ಮೊಳಕೆಗಾದರೂ ಅವಕಾಶ. ಡಬ್ಬಿಯಲ್ಲಿರೋದು ಯಾವಾಗ ಅಗೆದದ್ದೋ.