ಕೊಟ್ಟಿದ್ದು ಆಸ್ಟ್ರೇಲಿಯಾ, ಕೊಡಿಸಿದ್ದು ಚೀನಾ

ಬ್ರಿಸ್ಬೇನ್‌ನಲ್ಲಿ ನಮ್ಮ ಪಕ್ಕದ ಮನೆಯವರು ಪಪುವಾ ನ್ಯೂಗಿನಿಯವರು. ಮೊನ್ನೆ ಆ ಮನೆಯ ಅಜ್ಜಿ ಬೇಲಿ ಮೇಲಿಂದ ಹಿತ್ತಲ ಗೆಣಸು ಕೊಡುತ್ತಾ ರಗ್ಬಿ ಮಾತು ತೆಗೆದರು. 2028ರಿಂದ ಅವರ ದೇಶದ ತಂಡವೂ ಇಲ್ಲಿನ ರಗ್ಬಿ ಲೀಗ್‌ನಲ್ಲಿ ಆಡುತ್ತದೆ. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಇದು ಹಾಗೆ. ಇಲ್ಲಿನ ಸರ್ಕಾರ ಅದಕ್ಕೆ 10 ವರ್ಷದಲ್ಲಿ 60 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡುತ್ತಿದೆ.

"ದೊಡ್ಡ ಮನಸ್ಸು ಮಾಡಿದ್ದಾರಲ್ಲ" ಎಂದೆ.

ಅಜ್ಜಿ ನಕ್ಕರು. "ಕೊಟ್ಟಿದ್ದು ಆಸ್ಟ್ರೇಲಿಯಾ ಕಣಮ್ಮ. ಕೊಡಿಸಿದ್ದು ಚೀನಾ."

ಸುಮ್ನೆ ಹೇಳಿದ ಮಾತಲ್ಲ ಅದು. ಪಕ್ಕದ ಸಾಲೊಮನ್ ದ್ವೀಪದವರು ಸಮುದ್ರದಡಿಯ ಇಂಟರ್ನೆಟ್ ಕೇಬಲ್ ಕೆಲಸವನ್ನು ಚೀನಾದ ಹುವಾವೇ ಕಂಪನಿಗೆ ಕೊಡಲು ಹೊರಟಿದ್ದರು. ಆಸ್ಟ್ರೇಲಿಯಾ ಗಡಿಬಿಡಿಯಲ್ಲಿ ಬಹುಪಾಲು ದುಡ್ಡು ತಾನೇ ಹಾಕಿ ಸಿಡ್ನಿಯಿಂದ ಕೇಬಲ್ ಎಳೆಸಿತು. 2019ರಲ್ಲಿ ರಫ್ತು ಸಾಲ ಕೊಡುವ ಸರ್ಕಾರಿ ಸಂಸ್ಥೆಯ ಕಾಯ್ದೆಗೇ ಸಂಸತ್ತು ತಿದ್ದುಪಡಿ ತಂದಿತು. ಪೆಸಿಫಿಕ್ ದ್ವೀಪಗಳ ರಸ್ತೆ, ಬಂದರು, ಕರೆಂಟಿಗೆ ಸಾಲ ಕೊಡುವುದು ಸಲೀಸಾಗಲಿ ಅಂತ. ಕಾಯ್ದೆಯಲ್ಲಿ ಚೀನಾದ ಹೆಸರಿಲ್ಲ. ಯಾರಿಗಾಗಿ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಇಷ್ಟಾದರೂ 2022ರ ಏಪ್ರಿಲ್‌ನಲ್ಲಿ ಸಾಲೊಮನ್ ಸರ್ಕಾರ ಚೀನಾ ಜೊತೆ ಭದ್ರತಾ ಒಪ್ಪಂದ ಮಾಡಿಕೊಂಡೇ ಬಿಟ್ಟಿತು. ಈಗಿನ ರಗ್ಬಿ ದುಡ್ಡಿಗೂ ಚೀನಾದ ವಿಷಯದ್ದೇ ಷರತ್ತಿದೆ, ಚೀನಾದ ಪೊಲೀಸರನ್ನು ಬಿಟ್ಟುಕೊಂಡರೆ ದುಡ್ಡು ನಿಲ್ಲುತ್ತದೆ ಎಂದು ಪತ್ರಿಕೆಗಳು ಬರೆದವು.

ಅಜ್ಜಿಯ ದೇಶ 1975ರವರೆಗೆ ಆಸ್ಟ್ರೇಲಿಯಾದ ಆಡಳಿತದಲ್ಲೇ ಇತ್ತು. ಇಲ್ಲಿನ ಕೊನೆಯ ದ್ವೀಪದಿಂದ ಅವರ ದಡಕ್ಕೆ ನಾಲ್ಕೈದು ಕಿಲೋಮೀಟರ್ ಅಷ್ಟೇ. ರಗ್ಬಿ ಹುಚ್ಚು ಅವರಿಗೆ ಆಗಲೂ ಇತ್ತು. ತಂಡ ಕೊಡಲು ಇಷ್ಟು ವರ್ಷ ಬೇಕಾಯಿತು.

ನಗು ಬಂತು, ಆಮೇಲೆ ನಮ್ಮ ಕಡೆಯದು ನೆನಪಾಯಿತು. ನಾವೇನು ಜಾಸ್ತಿ ಬೇರೆಯಲ್ಲ. 2015ರಲ್ಲಿ ನಾನಿನ್ನೂ ಬೆಂಗಳೂರಿನಲ್ಲಿದ್ದೆ. ನೇಪಾಳದಲ್ಲಿ ಭೂಕಂಪವಾದ ವರ್ಷವೇ ಭಾರತದಿಂದ ಅಲ್ಲಿಗೆ ಹೋಗುವ ಲಾರಿಗಳು ಗಡಿಯಲ್ಲಿ ನಿಂತವು, ಅಲ್ಲಿನ ಜನ ಗ್ಯಾಸ್, ಪೆಟ್ರೋಲ್‌ಗೆ ತಿಂಗಳುಗಟ್ಟಲೆ ಪರದಾಡಿದರು. ಮರುವರ್ಷ ನೇಪಾಳ ಸರಕು ಸಾಗಿಸಲು ಚೀನಾ ಜೊತೆ ಒಪ್ಪಂದ ಮಾಡಿಕೊಂಡಿತು. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ನೇಪಾಳದವನು. ಮೀಟರ್ ಬೋರ್ಡ್ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದ. ರಾತ್ರಿಯಿಡೀ ಕಿವಿಗೆ ಫೋನ್ ಒತ್ತಿಕೊಂಡು ಊರಿಗೆ ಲೈನ್ ಸಿಗುತ್ತದಾ ಅಂತ ನೋಡುತ್ತಿದ್ದ. ಮನೆಯಲ್ಲಿ ಒಲೆ ಉರಿಯುತ್ತಿದೆಯಾ ಅಂತ ಬಿಲ್ಡಿಂಗಿನ ಒಬ್ಬರೂ ಅವನನ್ನು ಕೇಳಿದ್ದು ನಾನು ಕಾಣೆ. ಆದರೆ ನೇಪಾಳ ಚೀನಾ ಕಡೆ ವಾಲುತ್ತಿದೆ ಅಂತ ಟಿವಿಯಲ್ಲಿ ಚರ್ಚೆ ಶುರುವಾದ ಮೇಲೆ, ಗೇಟ್ ತೆಗೆಸಿಕೊಳ್ಳುವಾಗೆಲ್ಲ "ಏನಪ್ಪಾ, ನಿಮ್ಮವರು ಹೀಗೆ ಮಾಡಿಬಿಟ್ಟರಲ್ಲ" ಅಂತ ಅವನನ್ನೇ ವಿಚಾರಿಸುತ್ತಿದ್ದರು.