ಫೋಟೋ ಇಡೋಕೆ ಮನೆಯಲ್ಲೊಂದು ಸರ್ವರ್ ಯಾಕೆ?

ಟಿವಿ ಪಕ್ಕದ ಶೆಲ್ಫಿನಲ್ಲಿರುವ ಕಪ್ಪು ಪೆಟ್ಟಿಗೆಯನ್ನು ನೋಡಿ ಮನೆಗೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. "ಎಲ್ಲಾ ಕ್ಲೌಡ್‌ನಲ್ಲೇ ಸೇವ್ ಆಗುತ್ತಲ್ಲ, ಇದ್ಯಾಕೆ?" "ಏನ್ ಸಾರ್, ಮನೇಲೇ ಡೇಟಾ ಸೆಂಟರ್ ಇಟ್ಬಿಟ್ಟಿದ್ದೀರಾ?" ಒಬ್ಬರಂತೂ "ಅಷ್ಟೊಂದು ಮುಚ್ಚಿಡೋದು ಏನಿದೆ?" ಎಂದು ಕಣ್ಣು ಮಿಟುಕಿಸಿದರು. ಆ ಮಾತಿಗೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಾಮಕರಣ, ಮುಂಜಿ, ಮಗಳ ಮೊದಲ ಹಲ್ಲು ಬಿದ್ದ ದಿನ, ಇವುಗಳಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಕಳೆದುಕೊಳ್ಳಬಾರದ್ದು ಬಹಳ ಇದೆ. ಪ್ರತಿ ಸಲ ಕಾಫಿ ಆರುವವರೆಗೂ ವಿವರಿಸಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಸರ್ವರ್ ಅಂದರೆ ಬೆಚ್ಚಬೇಡಿ, ಮನೆಯ ಫೋನುಗಳೆಲ್ಲ ಫೋಟೋ ಕಳಿಸುವ, ಸದಾ ಆನ್ ಇರುವ ಕಂಪ್ಯೂಟರ್, ಅಷ್ಟೇ. ನಮ್ಮದು ಟಿಫಿನ್ ಡಬ್ಬಿಯಷ್ಟಿರುವ ಮಿನಿ ಪಿಸಿ. ಒಳಗೆ ಇಂಟೆಲ್ ಎನ್100 ಚಿಪ್, ವಿಂಡೋಸ್ ಬದಲು ಲಿನಕ್ಸ್, ಅದರ ಮೇಲೆ ಫೋಟೋ ಜೋಡಿಸಿಡುವ ಇಮ್ಮಿಚ್ ಎಂಬ ಉಚಿತ ತಂತ್ರಾಂಶ. ಫೋನು ಮನೆಯ ವೈಫೈಗೆ ಸೇರಿದಾಗ ಹೊಸ ಫೋಟೋಗಳು ತಾವಾಗಿಯೇ ಅದಕ್ಕೆ ಹೋಗುತ್ತವೆ. ಮುಖ ಗುರುತು ಹಿಡಿದು ಒಬ್ಬೊಬ್ಬರದನ್ನು ಬೇರೆ ಮಾಡುವ ಕೆಲಸವೂ ಅಲ್ಲೇ ನಡೆಯುತ್ತದೆ. ಧಾರವಾಡದಲ್ಲಿರುವ ಅಕ್ಕ ನೋಡುವುದು ಟೇಲ್‌ಸ್ಕೇಲ್ ಮೂಲಕ. ಅದು ನಮ್ಮ ಸಾಧನಗಳನ್ನಷ್ಟೇ ಇಂಟರ್ನೆಟ್ ಮೇಲೆ ಖಾಸಗಿಯಾಗಿ ಜೋಡಿಸುವ ಆ್ಯಪ್, ಹಾಗಾಗಿ ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದಿಡುವ ತಲೆನೋವು ಇಲ್ಲ. ಕರೆಂಟ್ ಬಿಲ್? ಸರಾಸರಿ 10 ವ್ಯಾಟ್ ಅಂತ ಹಿಡಿದರೂ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಮೂಲೆಯಲ್ಲಿ ಬಿದ್ದಿರುವ ಹಳೆ ಲ್ಯಾಪ್‌ಟಾಪ್ ಕೂಡ ನಡೆಯುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಅದರ ಸಹವಾಸ ಬೇಡ.

ಇದೇನೂ ಹೊಸ ಯೋಚನೆಯಲ್ಲ. 2007ರಲ್ಲೇ ಮೈಕ್ರೋಸಾಫ್ಟ್ ವಿಂಡೋಸ್ ಹೋಮ್ ಸರ್ವರ್ ತಂದಿತ್ತು. 2011ರ ಆವೃತ್ತಿಯೇ ಅದರ ಕೊನೆಯದು. ಆಗ ಕ್ಯಾಮೆರಾ ಹೊರಗೆ ಬರುತ್ತಿದ್ದುದೇ ಹಬ್ಬ-ಮದುವೆಗೆ. ಈಗ ದಿನವಿಡೀ ಜೇಬಿನಲ್ಲಿದೆ. 2021ರ ಜೂನ್ 1ಕ್ಕೆ ಗೂಗಲ್ ಫೋಟೋಸ್ ಮಿತಿಯಿಲ್ಲದ ಉಚಿತ ಜಾಗ ಕೊಡುವುದನ್ನು ನಿಲ್ಲಿಸಿದಾಗ, ಜಿಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ ಅಂತಾಯಿತು. ಎರಡು ಮಕ್ಕಳಿರುವ ಮನೆಗೆ ಅದು ಎಲ್ಲಿ ಸಾಲುತ್ತದೆ?

ಆದರೆ ನಾನು ಇದಕ್ಕೆ ಕೈ ಹಾಕಿದ್ದು ದುಡ್ಡು ಉಳಿಸೋಕಲ್ಲ. ಚಿಕ್ಕಪ್ಪನ ವರ್ಷಾಬ್ದಿಕದ ಹಿಂದಿನ ವಾರ ಚಿಕ್ಕಮ್ಮ ಫೋನ್ ಮಾಡಿದ್ದರು. "ತೋಟದಲ್ಲಿ ಹಲಸಿನ ಹಣ್ಣು ಹಿಡ್ಕೊಂಡು ನಗ್ತಾ ನಿಂತಿದ್ದರಲ್ಲ, ಆ ಫೋಟೋ ಬೇಕು ಕಣೋ, ಫ್ರೇಮ್ ಹಾಕಿಸೋಣ." ಚಿಕ್ಕಪ್ಪನ ಫೋನನ್ನು ಆಗಲೇ ರೀಸೆಟ್ ಮಾಡಿ ಮೊಮ್ಮಗನಿಗೆ ಕೊಟ್ಟಾಗಿತ್ತು. ಫೋಟೋ ಎಲ್ಲ ಕ್ಲೌಡ್‌ನಲ್ಲಿದೆ ಅನ್ನೋ ಧೈರ್ಯ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಓಟಿಪಿ ಹೋಗುವುದು ಚಿಕ್ಕಪ್ಪನ ನಂಬರಿಗೆ. ರೀಚಾರ್ಜ್ ಇಲ್ಲದೆ ನಿಂತುಹೋದ ಆ ನಂಬರು ಅಷ್ಟರಲ್ಲಿ ಬೇರೆ ಯಾರಿಗೋ ಹೋಗಿತ್ತು. ಕಂಪನಿಗೆ ಬರೆದರೆ ಅದೇ ಸಿದ್ಧ ಉತ್ತರ ಮತ್ತೆ ಮತ್ತೆ ಬಂತು. ಕೊನೆಗೆ ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. ಆಧಾರ್ ಫೋಟೋದಲ್ಲಿ ಯಾರು ತಾನೇ ನಗುತ್ತಾರೆ? ಚಿಕ್ಕಮ್ಮ ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ಫ್ರೇಮ್ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಫೋಟೋ ಎಲ್ಲೋ ಭದ್ರವಾಗಿಯೇ ಇತ್ತು. ಮನೆಯವರಿಗೆ ಸಿಗಲಿಲ್ಲ, ಅಷ್ಟೇ.

ಹಾಗಾಗಿ "ಎಷ್ಟು ಖರ್ಚಾಯ್ತು, ಎಷ್ಟು ಟಿಬಿ" ಅಂತ ಕೇಳುವವರ ಮೇಲೆ ನನಗೊಂದು ಬೇಸರ. ನೀವು ಕೇಳಬೇಕಾದ ಪ್ರಶ್ನೆ ಬೇರೆಯದೇ ಇದೆ: ನಾಳೆ ನಾನಿಲ್ಲದಿದ್ದರೆ ಇದನ್ನು ಯಾರು ತೆರೆಯುತ್ತಾರೆ? ಒಬ್ಬರೂ ಕೇಳಿಲ್ಲ. ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿರುವ ಸರ್ವರ್, ಚಿಕ್ಕಪ್ಪನ ಖಾತೆಗಿಂತ ಏನೂ ವಾಸಿಯಲ್ಲ.

ನಮ್ಮಲ್ಲಿ ವ್ಯವಸ್ಥೆ ಹೀಗಿದೆ. ಫೋಟೋಗಳು ವರ್ಷ, ತಿಂಗಳ ಫೋಲ್ಡರ್‌ಗಳಲ್ಲಿ ಸಾದಾ ಫೈಲ್‌ಗಳಾಗಿಯೇ ಕೂತಿವೆ. ಅದರ ನಕಲು ಒಂದು ಯುಎಸ್‌ಬಿ ಡಿಸ್ಕಿನಲ್ಲಿದೆ, ಯಾವ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೂ ಕಾಣುತ್ತದೆ. ಇನ್ನೊಂದು ನಕಲು ಶಿವಮೊಗ್ಗದಲ್ಲಿ ಭಾವನ ಮನೆಯಲ್ಲಿ, ದಸರಾ ರಜೆಗೆ ಹೋದಾಗ ಬದಲಾಯಿಸುತ್ತೇವೆ. ಪೆಟ್ಟಿಗೆಯೊಳಗೆ ಎರಡು ಡಿಸ್ಕ್ ಹಾಕಿ ರೇಡ್ ಮಾಡಿದರೆ, ಅಂದರೆ ಎರಡರಲ್ಲೂ ಒಂದೇ ಫೈಲ್ ಒಟ್ಟಿಗೆ ಬರೆಯುವಂತೆ ಮಾಡಿದರೆ, ಬ್ಯಾಕಪ್ ಆಯಿತು ಅಂದುಕೊಳ್ಳುವವರು ಬಹಳ ಜನ. ಅದು ಡಿಸ್ಕ್ ಕೆಟ್ಟಾಗ ಕಾಯುತ್ತದೆ, ಕೈತಪ್ಪಿ ಡಿಲೀಟ್ ಮಾಡಿದರೆ ಕಾಯುವುದಿಲ್ಲ. ಪಾಸ್‌ವರ್ಡ್‌ಗಳು, ಆನ್-ಆಫ್ ಮಾಡುವ ಕ್ರಮ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿದೆ. ಅದು ಬೀರುವಿನಲ್ಲಿ ಮನೆಪತ್ರದ ಜೊತೆ ಇರುತ್ತದೆ.

ಇಷ್ಟು ನೋಡಿಕೊಳ್ಳಲು ಪುರುಸೊತ್ತಿಲ್ಲ ಅನ್ನುವವರು ದಯವಿಟ್ಟು ಸರ್ವರ್ ಹಾಕಬೇಡಿ. ಕ್ಲೌಡ್‌ಗೇ ದುಡ್ಡು ಕಟ್ಟಿ. ಆದರೆ ಗೂಗಲ್ ಖಾತೆಯಲ್ಲಿ ಇನಾಕ್ಟಿವ್ ಅಕೌಂಟ್ ಮ್ಯಾನೇಜರ್ ತೆರೆದು, ಖಾತೆ ಬಳಕೆ ನಿಂತುಹೋದರೆ ಯಾರಿಗೆ ಸೇರಬೇಕು ಅಂತ ಇವತ್ತೇ ಬರೆಯಿರಿ. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು. ಅಪ್ಪ-ಅಮ್ಮನ ಫೋನಿನಲ್ಲೂ ಮಾಡಿಕೊಡಿ.

ಈ ಬೇಸಿಗೆ ರಜೆಯಲ್ಲಿ ನಮ್ಮ ಮಿನಿ ಪಿಸಿಯನ್ನು ಮಗಳೇ ಮೊದಲಿಂದ ಹೊಸದಾಗಿ ಕಟ್ಟುತ್ತಾಳೆ. ನೋಟ್‌ಬುಕ್ ನೋಡಿಕೊಂಡು, ನನ್ನನ್ನು ಒಂದು ಮಾತೂ ಕೇಳದೆ. ಅವಳು ಎಲ್ಲಿ ತಡವರಿಸುತ್ತಾಳೋ ಆ ಪುಟವನ್ನು ತಿದ್ದಿ ಬರೆಯಬೇಕು.